ಹೋಯಿ ಆನ್‌ಗೆ ಸಂಜೆ ಕರೆದೊಯ್ಯುವ ಪ್ಯಾಕೇಜ್ ಬಗ್ಗೆ ಹುಷಾರು

ವಿಯೆಟ್ನಾಂಗೆ ಪ್ಯಾಕೇಜ್ ಬುಕ್ ಮಾಡುತ್ತಿದ್ದರೆ, ದಾ ನಾಂಗ್ ನಗರದಿಂದ ಹೋಯಿ ಆನ್ ಅನ್ನುವ ಹಳೆಯ ಊರಿಗೆ ಎಷ್ಟು ಗಂಟೆಗೆ ಹೊರಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ನಮ್ಮನ್ನು ಹೊರಡಿಸಿದ್ದು ಮಧ್ಯಾಹ್ನದ ಊಟ ಆದಮೇಲೆ.

ದಾರಿ ಬರೀ 30 ಕಿ.ಮೀ. ಆದರೆ ಮೊದಲು ಅಮೃತಶಿಲೆ ಅಂಗಡಿ, ಆಮೇಲೆ ಬುಟ್ಟಿದೋಣಿ, ಊರು ಸೇರಿದ ಮೇಲೆ ಟೈಲರ್ ಅಂಗಡಿ. ಒಂದೆರಡು ದಿನದಲ್ಲಿ ಸೂಟ್ ಹೊಲಿದುಕೊಡುವುದಕ್ಕೆ ಈ ಊರು ಹೆಸರುವಾಸಿ. ಬಟ್ಟೆ ಬೇಡ ಅಂದವರೂ ಅಲ್ಲೇ ಕೂತಿರಬೇಕಾಯಿತು.

ಹೊರಬರುವಷ್ಟರಲ್ಲಿ ತಾನ್ ಕೀ ಮನೆಗೆ ಬಾಗಿಲು ಹಾಕಿತ್ತು. ಇನ್ನೂರು ವರ್ಷಕ್ಕೂ ಹಳೆಯ ವರ್ತಕರ ಮನೆ ಅದು. ಮುಂಬಾಗಿಲು ಬೀದಿಗೆ, ಹಿಂಬಾಗಿಲು ನದಿಯ ಕಡೆಗೆ. ಒಳಗೆ ಯಾವ ವರ್ಷ ನೆರೆ ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆ ಮೇಲೆ ಗುರುತು ಹಾಕಿದ್ದಾರೆ. ನಾನು ಹೋಗಿದ್ದೇ ಅದನ್ನು ನೋಡಲು. ಫುಜಿಯನ್ ಪ್ರಾಂತ್ಯದ ಚೀನೀಯರು ಕಡಲ ದೇವತೆಗೆ ಕಟ್ಟಿದ ಸಭಾಭವನವೂ ಮುಚ್ಚಿತ್ತು. ಚಾವಣಿ ಇರುವ ಹಳೆಯ ಜಪಾನಿ ಸೇತುವೆಯನ್ನು ಹೊರಗಿನಿಂದ ನೋಡಿದೆವು, ಅದೂ ಸೆಲ್ಫಿ ಗುಂಪಿನ ತಲೆಗಳ ಮೇಲಿಂದ. ಬೀದಿಯ ಬಣ್ಣದ ದೀಪಗಳೇನೋ ಚಂದ, ಇಲ್ಲ ಅನ್ನುವುದಿಲ್ಲ. ಆದರೆ 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರಿನಲ್ಲಿ ಒಂದು ಹಳೆ ಕಟ್ಟಡದ ಹೊಸ್ತಿಲನ್ನೂ ನಾವು ದಾಟಲಿಲ್ಲ.

ಇನ್ನು ಟಿಕೆಟ್. ಹಳೆ ಪೇಟೆಗೆ ವಿದೇಶಿಯರಿಗೆ 1,20,000 ಡಾಂಗ್ (ವಿಯೆಟ್ನಾಂ ಹಣ). ಅದರಲ್ಲಿ ಕೂಪನ್‌ಗಳಿರುತ್ತವೆ, ಒಳಗೆ ಹೋದ ಕಡೆಯೆಲ್ಲ ಒಂದೊಂದು ಕೊಡಬೇಕು. ಗೈಡ್ ಬಸ್ಸಿನಲ್ಲೇ ಎಲ್ಲರಿಂದ ದುಡ್ಡು ವಸೂಲಿ ಮಾಡಿದ. ಟಿಕೆಟ್ ಎಲ್ಲಪ್ಪಾ ಅಂದರೆ, "ಈಗೆಲ್ಲ ಮುಚ್ಚಿದೆ, ಬೇಕಾಗಲ್ಲ" ಅಂದ!

ರಾತ್ರಿ ನದಿ ದಂಡೆಯಲ್ಲಿ ಇನ್ನೊಂದು ಎಡವಟ್ಟು. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ. ನಮ್ಮ ಗುಂಪಿನ ಆಂಟಿಯೊಬ್ಬರು ನದಿಯಲ್ಲಿ ತೇಲಿಬಿಡುವ ಕಾಗದದ ದೀಪಕ್ಕೆ ಕತ್ತಲಲ್ಲಿ ದೊಡ್ಡ ನೋಟು ಕೊಟ್ಟರು, ಅಂದರೆ ಸುಮಾರು 1,700 ರೂಪಾಯಿ. ಮಾರುತ್ತಿದ್ದವರು ಅದನ್ನು ಇಸಿದುಕೊಂಡು ಸುಮ್ಮನಾದರು. 20,000ದ ನೋಟಿನ ಹಿಂದೆ ಇದೇ ಜಪಾನಿ ಸೇತುವೆಯ ಚಿತ್ರವಿದೆ, ತಿರುಗಿಸಿ ನೋಡಿ ಕೊಡಿ.

ಸಾಧ್ಯವಾದರೆ ಒಂದು ರಾತ್ರಿ ಹೋಯಿ ಆನ್‌ನಲ್ಲೇ ಉಳಿದು, ಬೆಳಗ್ಗೆ ಬೂತ್‌ನಲ್ಲಿ ನೀವೇ ಟಿಕೆಟ್ ತೆಗೆದುಕೊಳ್ಳಿ. ಅಕ್ಟೋಬರ್, ನವೆಂಬರ್ ಬೇಡ, ನೆರೆ ಬರುವ ಕಾಲ. ಪ್ಯಾಕೇಜೇ ಬೇಕೆಂದರೆ ಯಾವ ಯಾವ ಮನೆಯೊಳಗೆ ಕರೆದೊಯ್ಯುತ್ತಾರೆ ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಮ್ಮ ಟಿಕೆಟ್ ದುಡ್ಡು ವಾಪಸ್ ಕೇಳಿದರೆ ಬೆಂಗಳೂರಿನ ಏಜೆಂಟ್ ಗೈಡ್‌ನನ್ನು ಕೇಳಿ ಅನ್ನುತ್ತಾರೆ, ಗೈಡ್ ಏಜೆಂಟನ್ನು ಕೇಳಿ ಅನ್ನುತ್ತಾನೆ.