ಟಾಪ್ ಸರ್ಜರಿ ಆದ ಮಾರನೇ ದಿನವೇ ಹಾಸನದ ಗಾಡಿ ಹತ್ತಬೇಡಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಬೆಂಗಳೂರಿಗೆ ಹೋಗಿ ಟಾಪ್ ಸರ್ಜರಿ, ಅಂದರೆ ಮೊಲೆ ತೆಗೆಸಿ ಎದೆ ಚಪ್ಪಟೆ ಮಾಡಿಸುವ ಆಪರೇಷನ್, ಮಾಡಿಸಿಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವ ಟ್ರಾನ್ಸ್ ಹುಡುಗರು (ಹುಟ್ಟಿದಾಗ ಹೆಣ್ಣು ಅನಿಸಿಕೊಂಡು ಗಂಡಾಗಿ ಬದುಕುವವರು) ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕಟ್ಟಿ. ಆಪರೇಷನ್ ಬೇಡ ಅಂತ ಹೇಳೋಕೆ ಬರೆಯುತ್ತಿಲ್ಲ. ನನಗದು ಬೇಕಿತ್ತು, ಮಾಡಿಸಿಕೊಂಡೆ. ಎದೆ ಚಪ್ಪಟೆ ಕಾಣಲಿ ಅಂತ ಬೈಂಡರ್ ಅನ್ನೋ ಬಿಗಿ ಒಳಅಂಗಿ ಬಿಗಿದುಕೊಂಡು ಸೆಕೆಯಲ್ಲಿ ಉಸಿರು ಕಟ್ಟಿಕೊಂಡು ಓಡಾಡಿದ ಏಳು ವರ್ಷ ನೆನಪಾದರೆ ಇವತ್ತಿಗೂ ಮೈ ಹಗುರ ಅನಿಸುತ್ತದೆ. ನಾನು ಎಡವಿದ್ದು ಬೇರೆ ಕಡೆ. ಮೂರು ವರ್ಷ ಕೂತು ಲೆಕ್ಕ ಹಾಕಿದ್ದೆಲ್ಲ ಆಪರೇಷನ್ ಟೇಬಲ್ ಮೇಲೆ ಮಲಗುವ ತನಕದ್ದು. ಎದ್ದ ಮೇಲೆ ಮೊದಲ ಐದಾರು ದಿನ ಎಲ್ಲಿರಬೇಕು, ನಡುರಾತ್ರಿ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಅನ್ನೋದನ್ನು ಯೋಚನೆಯೇ ಮಾಡಿರಲಿಲ್ಲ.

ಆಸ್ಪತ್ರೆ ಹೆಸರು ಹಾಕೋದಿಲ್ಲ, ಕೇಳಬೇಡಿ. ಬೆಂಗಳೂರಿನದು, ಚಿಕ್ಕದು, ಮುಂದುಗಡೆ ಗಾಜು, ಒಳಗೆ ಕೂದಲು ಕಸಿಯ ಪೋಸ್ಟರುಗಳು. ಪ್ಯಾಕೇಜ್ 1,60,000 ರೂಪಾಯಿ ಅಂದರು. ಬೇರೆ ಎರಡು ಕಡೆ ಕೇಳಿದ್ದಕ್ಕಿಂತ ಕಡಿಮೆ ಇತ್ತು. ಅರಿವಳಿಕೆ ಡಾಕ್ಟರ ಫೀಸು, ಆಪರೇಷನ್ ಆದ ಮೇಲೆ ಹಾಕಿಕೊಳ್ಳುವ ಬಿಗಿ ಜಾಕೆಟ್ಟು, ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸೋದು, ಇವೆಲ್ಲ ಪ್ಯಾಕೇಜಿನ ಹೊರಗೆ ಅಂತ ಗೊತ್ತಾಗಿದ್ದು ಬಿಲ್ ಕೈಗೆ ಬಂದಾಗ. ಕೊನೆಗೆ ಎರಡು ಲಕ್ಷ ದಾಟಿತು. ಟ್ರಾನ್ಸ್ ಜನರ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅನ್ನೋ ಸರ್ಕಾರಿ ಯೋಜನೆಗೆ 2022ರ ಆಗಸ್ಟಿನಲ್ಲಿ ಒಪ್ಪಂದ ಆಗಿತ್ತು, ವರ್ಷಕ್ಕೆ 5 ಲಕ್ಷದ ತನಕ. ಆ ಆಸೆಗೆ ಟಿಜಿ ಕಾರ್ಡು (ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ) ಹಿಡಿದು ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಆಧಾರಾ ಸರ್?" ಅಂದಳು. ಸರ್ ಅಂದಳಲ್ಲ ಅನ್ನೋ ಖುಷಿಗೆ ಮುಂದೆ ಕೇಳೋದನ್ನೇ ಬಿಟ್ಟೆ.

ಆ ಖುಷಿಯೇ ನನ್ನನ್ನು ಇನ್ನೊಂದು ಕಡೆ ಕೆಡವಿತು, ಹೇಳ್ತೀನಿ.

2023ರ ನವೆಂಬರ್, ಸೋಮವಾರ ಆಪರೇಷನ್. ಎದೆಯ ಕೆಳಗೆ ಎರಡೂ ಕಡೆ ಉದ್ದಕ್ಕೆ ಕೊಯ್ದು, ಮೊಲೆತೊಟ್ಟನ್ನು ಪೂರ್ತಿ ತೆಗೆದು ಚಿಕ್ಕದು ಮಾಡಿ, ಹೊಸ ಜಾಗದಲ್ಲಿ ಚರ್ಮದ ಕಸಿ ಮಾಡುವ ಹಾಗೆ ಕೂರಿಸಿದ್ದರು. ಕಸಿ ಅಲ್ಲಾಡದೆ ಹಿಡಿದುಕೊಳ್ಳಲಿ ಅಂತ ಮೇಲೊಂದು ಬಟ್ಟೆಯುಂಡೆ ಇಟ್ಟು ಹೊಲಿದಿರುತ್ತಾರೆ, ಅದನ್ನು ಐದರಿಂದ ಏಳು ದಿನ ಮುಟ್ಟೋ ಹಾಗಿಲ್ಲ. ಒಳಗಿನ ರಕ್ತ ಹೊರಗೆ ಬರಲಿ ಅಂತ ಎರಡೂ ಪಕ್ಕೆಯಿಂದ ಒಂದೊಂದು ಡ್ರೇನ್ ಪೈಪು, ತುದಿಗೆ ಹಾರ್ಮೋನಿಯಂ ತಿದಿಯ ಥರ ಮಡಿಕೆ ಮಡಿಕೆ ಪ್ಲಾಸ್ಟಿಕ್ ಡಬ್ಬಿ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಡಿಸ್ಚಾರ್ಜ್.

ಬೆಂಗಳೂರಿನಲ್ಲಿ ರೂಮು ಹಿಡಿದರೆ ದಿನಕ್ಕೆ ಸಾವಿರದೈನೂರು, ಜೊತೆಗೆ ಊಟ. ಹಾಸನದಲ್ಲಿ ಅಕ್ಕನ ಮನೆ ಇದೆ, 185 ಕಿಲೋಮೀಟರು, ಮೂರೂವರೆ ಗಂಟೆ, ಹೋಗಿ ಮಲಗಿಬಿಡೋಣ ಅಂತ ನಾನೇ ತೀರ್ಮಾನ ಮಾಡಿದೆ. ಇದರಲ್ಲಿ ಆಸ್ಪತ್ರೆಯವರ ತಪ್ಪು ಅರ್ಧ ಮಾತ್ರ. "ಇವತ್ತೇ ಊರಿಗೆ ಹೋಗಬಹುದಾ?" ಅಂದೆ. "ಆರಾಮಾಗಿ ಹೋಗಿ" ಅಂದವರು ಡಾಕ್ಟರಲ್ಲ, ಫೋನಿನಲ್ಲಿ ಪ್ಯಾಕೇಜ್ ಮಾತಾಡಿದ್ದ ಕೋ-ಆರ್ಡಿನೇಟರ್. ಡಾಕ್ಟರನ್ನು ನಾನು ಆಪರೇಷನ್ ಆದ ಮೇಲೆ ನೋಡಿದ್ದೇ ಒಂಬತ್ತು ದಿನಕ್ಕೆ.

ನೆಲಮಂಗಲ, ಕುಣಿಗಲ್ ತನಕ ಚೆನ್ನಾಗೇ ಇದ್ದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಸೀಟ್ ಬೆಲ್ಟ್ ಒತ್ತೋದು ತಡೆಯಲಾಗದೆ ಮಧ್ಯೆ ಟವೆಲ್ ತುರುಕಿಕೊಂಡೆ. ಹಾಸನಕ್ಕೆ ಬಂದರೆ ಹಾಸನಾಂಬೆ ಗುಡಿಯ ಬಾಗಿಲು ತೆಗೆದ ಹೊತ್ತು. ವರ್ಷಕ್ಕೊಂದೇ ಸಲ ತೆಗೆಯೋದು, ದೀಪಾವಳಿ ಆಸುಪಾಸು, ಊರಿಗೆ ಊರೇ ಕ್ಯೂ. ನಾನು ಹುಟ್ಟಿದ್ದು ಈ ಜಿಲ್ಲೆಯಲ್ಲಿ, ಡೇಟ್ ತಗೊಳ್ಳುವಾಗ ಅದು ತಲೆಗೇ ಬಂದಿರಲಿಲ್ಲ. ರಜೆ ಸಿಗುತ್ತೆ ಅನ್ನೋದೊಂದೇ ಲೆಕ್ಕ. ಬಿ.ಎಂ. ರಸ್ತೆಯಿಂದ ಅಕ್ಕನ ಮನೆಗೆ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಈಗ ಡ್ರೇನ್ ವಿಷಯ. ದಯವಿಟ್ಟು ಇದನ್ನು ಎರಡು ಸಲ ಓದಿ. ಆ ಡಬ್ಬಿಯನ್ನು ಖಾಲಿ ಮಾಡಿ, ಒತ್ತಿ ಗಾಳಿ ಹೊರಗೆ ಹಾಕಿ, ಒತ್ತಿ ಹಿಡಿದಿರುವಾಗಲೇ ಮುಚ್ಚಳ ಹಾಕಬೇಕು. ಆಗಲೇ ಅದು ಒಳಗಿನ ರಕ್ತವನ್ನು ಎಳೆಯೋದು. ಉಬ್ಬಿಕೊಂಡಿದ್ದರೆ ಅದು ಬರೀ ಡಬ್ಬಿ. ನಮಗೆ ಯಾರೂ ಮಾಡಿ ತೋರಿಸಿರಲಿಲ್ಲ. ಅಕ್ಕ ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಳು: ರಾತ್ರಿ ಎಂಟಕ್ಕೆ ಬಲಗಡೆ 35 ಎಂಎಲ್, ಎಡಗಡೆ 5. ಎಡಗಡೆ ಬೇಗ ಒಣಗ್ತಾ ಇದೆ ಅಂತ ಇಬ್ಬರೂ ಸಮಾಧಾನ ಪಟ್ಟುಕೊಂಡೆವು. ಒಣಗಿರಲಿಲ್ಲ, ಪೈಪಿಗೆ ಹೆಪ್ಪು ಕಟ್ಟಿಕೊಂಡಿತ್ತು. ಬರಬೇಕಾದ ರಕ್ತವೆಲ್ಲ ಒಳಗೇ ತುಂಬುತ್ತಾ ಇತ್ತು.

ರಾತ್ರಿ ಒಂದೂವರೆಗೆ ಎಚ್ಚರ ಆಯಿತು. ಎಡ ಎದೆ ಬಿಗಿದು ತೆಂಗಿನ ಚಿಪ್ಪು ಕವುಚಿಟ್ಟ ಹಾಗೆ ಆಗಿತ್ತು. ಜಾಕೆಟ್ಟಿನ ಅಂಚಿನಲ್ಲಿ ಚರ್ಮ ನೇರಳೆ ಬಣ್ಣ. ಬಲಗಡೆ ಚಪ್ಪಟೆ. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಕಾದೆ, ಕಾಯಬಾರದಿತ್ತು. ಎರಡು ಕಡೆಗೂ ಇಷ್ಟು ವ್ಯತ್ಯಾಸ, ಒಂದೇ ಕಡೆ ಊತ, ಬಿಗಿತ, ನೋವು ಏರುತ್ತಾ ಹೋಗೋದು, ಆ ಕಡೆಯ ಡ್ರೇನ್ ದಿಢೀರಂತ ನಿಲ್ಲೋದು, ಇವು ಕಂಡರೆ ಒಳಗೆ ರಕ್ತ ನಿಂತಿದೆ ಅಂತಲೇ ಹೊರಡಿ. ಹೆಚ್ಚಾಗಿ ಆಗೋದೇ ಮೊದಲ ಒಂದೆರಡು ದಿನದಲ್ಲಿ. ಅಂದರೆ ನಾನು ಕಾರಿನಲ್ಲಿ ಕುಲುಕಿಕೊಂಡು ಬಂದ ಹೊತ್ತಿನಲ್ಲೇ.

ಕೋ-ಆರ್ಡಿನೇಟರ್ ಫೋನ್ ಸ್ವಿಚ್ ಆಫ್. ಆಸ್ಪತ್ರೆ ಲ್ಯಾಂಡ್‌ಲೈನಿನಲ್ಲಿ ಸೆಕ್ಯೂರಿಟಿ, "ಬೆಳಿಗ್ಗೆ ಒಂಬತ್ತಕ್ಕೆ ಮಾಡಿ." ಹತ್ತಿರದ ನರ್ಸಿಂಗ್ ಹೋಮಿಗೆ ಆಟೋದಲ್ಲಿ ಹೋದೆವು. ಅಲ್ಲಿಯವರು ಬಾಗಿಲಲ್ಲೇ ನಿಂತು, "ಎಲ್ಲಿ ಮಾಡ್ಸಿದ್ರೋ ಅಲ್ಲಿಗೇ ಹೋಗಿ, ನಾವು ಕೈ ಹಾಕಲ್ಲ" ಅಂದರು. ಎರಡನೇ ಕಡೆ ಹೋಗುವಾಗ ಜಾತ್ರೆಗೆ ಬಂದವರ ವ್ಯಾನುಗಳು ರಸ್ತೆ ಎರಡೂ ಕಡೆ ನಿಂತಿದ್ದವು, ಆಟೋ ಹಳ್ಳಕ್ಕೆ ಇಳಿದು ಎದ್ದಾಗಲೆಲ್ಲ ನಾನು ಕಿರುಚಿದೆ. "ತಡ್ಕಳ್ಲಾ, ಬಂದ್ಬುಡ್ತು ಆಸ್ಪತ್ರೆ" ಅಂದಳು ಅಕ್ಕ. ಅಲ್ಲಿ ತನಕ ನನಗೆ "ಕಣೇ" ಅಂತಲೇ ಮಾತಾಡುತ್ತಿದ್ದವಳು. ಆಗ ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ, ಆಮೇಲೆ ನೆನಪಾಯಿತು.

ಎರಡನೇ ಕಡೆ ಒಬ್ಬ ಚಿಕ್ಕ ವಯಸ್ಸಿನ ಸರ್ಜನ್ ಇದ್ದರು, ಪುಣ್ಯ. ಡಿಸ್ಚಾರ್ಜ್ ಸಮ್ಮರಿ ಕೇಳಿದರು. ಅದರಲ್ಲಿ ಇದ್ದದ್ದು "ಗೈನಕೊಮಾಸ್ಟಿಯಾ, ಎರಡೂ ಕಡೆ ತೆಗೆಯಲಾಗಿದೆ" ಅಂತ. ಗಂಡಸರಿಗೆ ಎದೆ ಬೆಳೆಯುವ ತೊಂದರೆಯ ಹೆಸರು ಅದು. ಹೀಗೆ ಬರೆದರೆ ಯಾರೂ ಪ್ರಶ್ನೆ ಕೇಳಲ್ಲ ಅಂತ ಕೋ-ಆರ್ಡಿನೇಟರ್ ಹೇಳಿದ್ದ, ಗಂಡಸರ ಕಾಯಿಲೆ ನನ್ನ ಹೆಸರಿನ ಮುಂದೆ ಅಂತ ನನಗೂ ಒಳಗೊಳಗೇ ಹಿಗ್ಗು. ಈಗ ಅದರ ಬೆಲೆ ಬಂತು. ಸಮ್ಮರಿಯಲ್ಲಿ ಕಸಿಯ ಮಾತಿಲ್ಲ, ನಾನು ತಗೊಳ್ಳುವ ಟೆಸ್ಟೊಸ್ಟಿರಾನ್ (ಗಂಡು ಹಾರ್ಮೋನು) ಇಂಜೆಕ್ಷನ್ನಿನ ಮಾತಿಲ್ಲ. ಡಾಕ್ಟರು ಡ್ರೆಸ್ಸಿಂಗ್ ಬಿಚ್ಚುತ್ತಾ ಆ ಬಟ್ಟೆಯುಂಡೆಯ ಹೊಲಿಗೆಗೆ ಕತ್ತರಿ ಇಟ್ಟೇಬಿಟ್ಟಿದ್ದರು. ಕತ್ತರಿಸಿದ್ದರೆ ಎರಡನೇ ದಿನಕ್ಕೇ ಕಸಿ ಕಿತ್ತು ಬರುತ್ತಿತ್ತು. ನಾನು ಕೈ ಹಿಡಿದು ಇದ್ದದ್ದು ಇದ್ದ ಹಾಗೆ ಹೇಳಿದೆ: ನಾನು ಟ್ರಾನ್ಸ್ ಮ್ಯಾನ್, ಮಾಡಿರೋದು ಇದು, ಅದರಡಿ ಕಸಿ ಇದೆ. ಅವರು ಒಂದು ಕ್ಷಣ ನೋಡಿ, "ಮೊದಲೇ ಹೇಳೋದಲ್ವೇನ್ರಿ" ಅಂದು ಕತ್ತರಿ ಕೆಳಗಿಟ್ಟರು. ಬೆಳಗಿನ ಜಾವ ಥಿಯೇಟರಿಗೆ ತಗೊಂಡು ಹೋಗಿ ಹೆಪ್ಪು ತೆಗೆದು, ರಕ್ತ ಒಸರುತ್ತಿದ್ದ ನಾಳವನ್ನು ಮುಚ್ಚಿ, ಹೊಸ ಡ್ರೇನ್ ಹಾಕಿದರು. ಅದರ ಬಿಲ್ಲು 38,000.

ಬಟ್ಟೆಯುಂಡೆ ಬಿಚ್ಚಿಸಲು ಏಳನೇ ದಿನಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. ಲೆಕ್ಕ ಹಾಕಿದರೆ ಅದು ದೀಪಾವಳಿಯ ಮಾರನೇ ದಿನ. ಓಪಿಡಿ ರಜೆ. ಒಂಬತ್ತನೇ ದಿನ ಬನ್ನಿ ಅಂದರು. ಎಡಗಡೆಯ ಕಸಿ ಕಪ್ಪಾಗಿತ್ತು, ಮೂರನೇ ವಾರ ಹಕ್ಕಳೆ ಉದುರಿದಾಗ ಅರ್ಧ ಭಾಗಕ್ಕೆ ಬಣ್ಣವೇ ಇರಲಿಲ್ಲ. ಕೆಳಗೆ ರಕ್ತ ನಿಂತರೆ ಕಸಿ ಹಿಡಿಯೋದು ಕಷ್ಟ. ಅದರ ಮೇಲೆ ನನ್ನ ಸಿಗರೇಟು. ಬಿಟ್ಟಿದ್ದೀನಿ ಅಂತ ಅರಿವಳಿಕೆಗೆ ಮುಂಚಿನ ಚೆಕಪ್ಪಿನಲ್ಲಿ ಸುಳ್ಳು ಹೇಳಿದ್ದೆ, ಹಿಂದಿನ ವಾರದ ತನಕ ದಿನಕ್ಕೆ ನಾಲ್ಕು ನಡೆದಿತ್ತು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಕಸಿಗೆ ರಕ್ತ ಸಿಗೋದಿಲ್ಲ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ, ಗುಟ್ಕಾ ಸೇರಿ ಎಲ್ಲ ನಿಲ್ಲಬೇಕು. ಆಗಲ್ಲ ಅಂದರೆ ಡೇಟ್ ಮುಂದಕ್ಕೆ ಹಾಕಿಸಿ, ಸುಳ್ಳು ಮಾತ್ರ ಹೇಳಬೇಡಿ.

ಮನೆಯಲ್ಲಿ ಆದ ಇನ್ನೊಂದು ಎಡವಟ್ಟು ಊಟದ್ದು. ಆಪರೇಷನ್ ಗಾಯಕ್ಕೆ ನಂಜು ಅಂತ ಪಕ್ಕದ ಮನೆ ಅಜ್ಜಿ ಹೇಳಿದ್ದೇ ತಡ, ಅಕ್ಕ ಮೊಟ್ಟೆ, ಕೋಳಿ, ಬದನೆಕಾಯಿ, ಕಾಳು ಎಲ್ಲ ನಿಲ್ಲಿಸಿದಳು. ಹತ್ತು ದಿನ ತಿಳಿಸಾರು ಅನ್ನ, ಬ್ರೆಡ್ಡು. ಗಾಯ ಮಾಯಲು ಬೇಕಾದದ್ದೇ ಪ್ರೋಟೀನು, ನನಗೆ ಸಿಕ್ಕಿದ್ದು ಗಂಜಿ. ನೋವಿನ ಮಾತ್ರೆಗೆ ಮೊದಲೇ ಮಲಬದ್ಧತೆ, ಅದರ ಜೊತೆ ಈ ಊಟ. ನಾಲ್ಕನೇ ದಿನ ಕಕ್ಕಸಿನಲ್ಲಿ ತಿಣುಕಿದ್ದಕ್ಕೆ ಹೊಲಿಗೆಯೆಲ್ಲ ಎಳೆಯಿತು. ಹಾಸನದ ಆ ಡಾಕ್ಟರು ಅಕ್ಕನಿಗೆ, "ದಿನಕ್ಕೆರಡು ಮೊಟ್ಟೆ ಕೊಡಮ್ಮ, ನಂಜು ಆದ್ರೆ ನನ್ನ ಕೇಳು" ಅಂದ ಮೇಲೆ ಸರಿಹೋಯಿತು.

ಬಟ್ಟೆಗೂ ಬುದ್ಧಿ ಓಡಿಸಿರಲಿಲ್ಲ, ಬ್ಯಾಗಿನಲ್ಲಿ ಇದ್ದದ್ದೆಲ್ಲ ಟೀ ಶರ್ಟು. ಕೈ ಭುಜದ ಮೇಲೆ ಎತ್ತೋ ಹಾಗಿಲ್ಲದಾಗ ಅದನ್ನು ಹಾಕೋದು ಹೇಗೆ? ಭಾವನ ಹಳೇ ಶರ್ಟುಗಳಲ್ಲಿ ಒಂದು ತಿಂಗಳು ಕಳೆದೆ.

ಡಾಕ್ಟರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನೋ ತಜ್ಞ ಪದವಿ ಮಾಡಿದವರಾ ಅಂತ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಮೊದಲೇ ನೋಡಿ, ನಾನು ನೋಡಿದ್ದು ಆಮೇಲೆ. ಪ್ಯಾಕೇಜಿನಲ್ಲಿ ಏನಿದೆ, ರಕ್ತ ನಿಂತು ಮತ್ತೆ ಥಿಯೇಟರಿಗೆ ಹೋಗಬೇಕಾದರೆ ಖರ್ಚು ಯಾರದು ಅಂತ ಬರೆಸಿಕೊಳ್ಳಿ, ಬಾಯಿ ಮಾತು ಬೇಡ. ಡಾಕ್ಟರದ್ದೋ ಡ್ಯೂಟಿ ಡಾಕ್ಟರದ್ದೋ ರಾತ್ರಿ ಎತ್ತುವ ನಂಬರ್ ತಗೊಂಡು, ಆಪರೇಷನ್ನಿಗೆ ಮುಂಚೆಯೇ ಒಂದು ರಾತ್ರಿ ಮಾಡಿ ನೋಡಿ. ಬೈದರೆ ಬೈಯಲಿ. ಡ್ರೇನ್ ತೆಗೆಯೋ ತನಕ, ಸಾಮಾನ್ಯವಾಗಿ ದಿನಕ್ಕೆ 30 ಎಂಎಲ್‌ಗಿಂತ ಕಡಿಮೆ ಆಗೋ ತನಕ, ಆಸ್ಪತ್ರೆಯಿಂದ ಅರ್ಧ ಗಂಟೆ ದೂರದೊಳಗೆ ಇರಿ. ಆ ರೂಮಿನ ಬಾಡಿಗೆಯೂ ಆಪರೇಷನ್ ಖರ್ಚೇ ಅಂತ ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ನಿಜ ಬರೆಸಿ. ಊರಿಗೆ ತೋರಿಸಬೇಕಾದ ಕಾಗದ ಅದಲ್ಲ. ಆಪರೇಷನ್ ನೋಟ್ಸ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಿಯಮಾವಳಿಯೇ ಹೇಳುತ್ತದೆ. ನಾನು ಆ ಸಾಲನ್ನು ಇಮೇಲಿನಲ್ಲಿ ಹಾಕಿದ ಮೇಲೆ ಎರಡೇ ದಿನಕ್ಕೆ ಬಂತು, ಅದಕ್ಕೆ ಮುಂಚೆ ಎರಡು ತಿಂಗಳು ಬಂದಿರಲಿಲ್ಲ.

ಮೊನ್ನೆ ಚಿಕ್ಕಮಗಳೂರಿನ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣ, ದೀಪಾವಳಿ ರಜೇಲಿ ಡೇಟ್ ಸಿಕ್ಕಿದೆ, ಮಾರನೇ ದಿನವೇ ಬಂದ್ಬಿಡ್ತೀನಿ." ಫೋನಿನಲ್ಲೇ ಬೈದೆ. ಜನವರಿಗೆ ಹಾಕಿಸಿಕೊಂಡಿದ್ದಾನೆ. ಆಗ ಅವರ ತೋಟದಲ್ಲಿ ಕಾಫಿ ಕೊಯ್ಲು, ಅಮ್ಮನಿಗೆ ಅದನ್ನು ಬಿಟ್ಟು ಬರೋಕಾಗಲ್ಲವಂತೆ. ಆರು ದಿನಕ್ಕೆ ಬೆಂಗಳೂರಿನಲ್ಲಿ ರೂಮು ನೋಡಿದ್ದೀವಿ, ಜೊತೆಗಿರೋದು ನಾನು. ಅಳತೆ ಮುಚ್ಚಳ ಇನ್ನೂ ಅಕ್ಕನ ಮನೆಯಲ್ಲಿದೆ, ಹೋಗುವಾಗ ತಗೊಂಡು ಹೋಗಬೇಕು.