ಬಫರ್, ಮೆಟಾ ಬಿಸಿನೆಸ್ ಸೂಟ್ ಮತ್ತು ರಾಯರ ಅಲಾರಂ

ಗಾಂಧಿ ಬಜಾರಿನ ಒಂದು ಕಾಫಿಪುಡಿ ಅಂಗಡಿ, ಚಿಕ್ಕಪೇಟೆಯ ಒಂದು ಸೀರೆ ಅಂಗಡಿ, ಜಯನಗರದಲ್ಲಿ ತಾರಸಿ ತೋಟಕ್ಕೆ ಕುಂಡ, ಗೊಬ್ಬರ ಮಾರುವ ಗಂಡ ಹೆಂಡತಿ. ಈ ಮೂರು ವೆಬ್‌ಸೈಟಿಗೆ ಜನ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹನುಮಂತನಗರದ ನಮ್ಮ ಮನೆಯ ಊಟದ ಮೇಜೇ ಆಫೀಸು. ಪೋಸ್ಟ್‌ಗಳನ್ನು ಮೊದಲೇ ಬರೆದಿಟ್ಟರೆ ಹೇಳಿದ ಹೊತ್ತಿಗೆ ತಾನಾಗಿ ಹಾಕುವ ಟೂಲ್‌ಗಳಿವೆಯಲ್ಲ, ಅಂಥವನ್ನು ವರ್ಷಗಳಿಂದ ಬಳಸುತ್ತಿದ್ದೇನೆ. "ಯಾವುದು ತಗೊಳ್ಳಲಿ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಪ್ರತಿಯೊಬ್ಬರಿಗೂ ಫೋನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಯಿತು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಒಂದೇ ಅಂಗಡಿ, ಒಂದು ಫೇಸ್‌ಬುಕ್ ಪೇಜ್, ಒಂದು ಇನ್‌ಸ್ಟಾಗ್ರಾಂ ಇದ್ದರೆ, ಅವೆರಡರ ಒಡೆಯ ಮೆಟಾ ಕಂಪನಿಯ ಟೂಲ್ ಮೆಟಾ ಬಿಸಿನೆಸ್ ಸೂಟ್ ಸಾಕು. ಅದು ಉಚಿತ. ಮೂರು ನಾಲ್ಕು ಅಂಗಡಿ ನೋಡಿಕೊಳ್ಳುವವರಿಗೆ ಬಫರ್ ಅನ್ನುವ ಇನ್ನೊಂದು ಟೂಲ್‌ಗೆ ದುಡ್ಡು ಕೊಡುವುದರಲ್ಲಿ ಅರ್ಥ ಇದೆ. ಆದರೆ ಇದನ್ನು ಹಾಕಿಸಿಕೊಂಡರೆ ಸಾಕು, ಟ್ರಾಫಿಕ್, ಅಂದರೆ ವೆಬ್‌ಸೈಟಿಗೆ ಬರುವ ಜನ, ತಾನೇ ಏರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಿಂದೆ ಏರುತ್ತಿತ್ತು. ಈಗ ಇಲ್ಲ. ಯಾಕೆ ಅಂತ ಹೇಳುತ್ತೇನೆ.

2016-17ರಲ್ಲಿ ನನ್ನ ಬಳಿ ಇದ್ದದ್ದು ಬೇರೆ ಟೂಲ್. ಹೆಸರು ಬೇಡ. ಅದು ಗಾಣದ ಎತ್ತಿನ ಹಾಗೆ. ಕಾಫಿಪುಡಿ ಅಂಗಡಿಯ ಒಂದು ಲಿಂಕ್ ಕೊಟ್ಟರೆ ಐದು ಟ್ವಿಟರ್ ಖಾತೆಯಿಂದ ಅದನ್ನೇ ಹಾಕುತ್ತಿತ್ತು. ನಾಲ್ಕು ಗಂಟೆ ಬಿಟ್ಟು ಮತ್ತೆ ಅದೇ. ಪೀಬರಿ ಅನ್ನುವ ಕಾಫಿ ಬೀಜದ ಬಗ್ಗೆ ನಾನು ಬರೆದ ಒಂದೇ ಒಂದು ಬರಹ ತಿಂಗಳಿಗೆ ನೂರಾರು ಸಲ ಸುತ್ತುತ್ತಿತ್ತು. ನಾನು ಮಲಗಿದ್ದರೂ ವೆಬ್‌ಸೈಟಿಗೆ ಬಂದವರ ಗ್ರಾಫ್ ಏರುತ್ತಿತ್ತು. ತಿಂಗಳ ಕೊನೆಗೆ ಅದರ ಕಲರ್ ಪ್ರಿಂಟ್ ತೆಗೆದು ರಾಯರ ಮುಂದೆ ಇಡುತ್ತಿದ್ದೆ. ರಾಯರು ಅಂದರೆ ಅಂಗಡಿ ಮಾಲೀಕರು. ಅವರು ಕನ್ನಡಕ ಮೇಲೆತ್ತಿ ನೋಡಿ, ತಲೆಯಾಡಿಸಿ, ಚೆಕ್ ಬರೆಯುತ್ತಿದ್ದರು.

2018ರ ಫೆಬ್ರವರಿ 21ಕ್ಕೆ ಟ್ವಿಟರ್ ಹೊಸ ನಿಯಮ ಹೇಳಿತು. ಒಂದೇ ವಿಷಯವನ್ನು, ಅಥವಾ ಹೆಚ್ಚುಕಮ್ಮಿ ಅದನ್ನೇ, ಹಲವು ಖಾತೆಗಳಿಂದ ಹಾಕುವ ಹಾಗಿಲ್ಲ. ಒಟ್ಟಿಗೆ ಹಾಕಿದರೂ ತಪ್ಪು, ಗಂಟೆಗಟ್ಟಲೆ ಬಿಟ್ಟು ಹಾಕಿದರೂ ತಪ್ಪು. ಹಲವು ಖಾತೆಯಿಂದ ಒಂದೇ ಏಟಿಗೆ ಲೈಕ್, ರೀಟ್ವೀಟ್, ಫಾಲೋ ಕೂಡ ಬಂದ್. ಟೂಲ್ ಮಾಡುವವರಿಗೆ ಮಾರ್ಚ್ 23ರವರೆಗೆ ಗಡುವು. ಹವಾಮಾನ, ತುರ್ತು ಸೂಚನೆಯಂಥವಕ್ಕೆ ರಿಯಾಯಿತಿ ಇತ್ತು. ಪೀಬರಿ ಅದರಲ್ಲಿ ಬರಲಿಲ್ಲ. 2016ರ ಅಮೆರಿಕ ಚುನಾವಣೆ ಹೊತ್ತಿಗೆ ಬಾಟ್‌ಗಳು, ಅಂದರೆ ಜನರ ಹಾಗೆ ನಟಿಸುವ ಯಂತ್ರದ ಖಾತೆಗಳು, ಎಬ್ಬಿಸಿದ ಗಲಾಟೆಯ ಬಿಸಿ ಎರಡು ವರ್ಷ ಬಿಟ್ಟು ಗಾಂಧಿ ಬಜಾರಿಗೂ ತಟ್ಟಿತು.

ಏಪ್ರಿಲ್ ಗ್ರಾಫ್ ಜಾರುಬಂಡೆ. ದಿನಕ್ಕೆ 300 ಚಿಲ್ಲರೆ ಜನ ಬರುತ್ತಿದ್ದ ಕಡೆ 80. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಹೋಗಿ ರಾಯರ ಎದುರು ಕೂತು ಎಲ್ಲ ಹೇಳಿದೆ. ಅವರು ಏನೂ ಮಾತಾಡದೆ ಗಲ್ಲಾಪೆಟ್ಟಿಗೆ ಪಕ್ಕದಿಂದ ಆರ್ಡರ್ ಪುಸ್ತಕ ತೆಗೆದರು. ಕೆಂಪು ರಟ್ಟಿನ ಉದ್ದನೆ ಪುಸ್ತಕ, ಅಂಚಿನ ತುಂಬ ಕಾಫಿಪುಡಿ. ವೆಬ್‌ಸೈಟಿಂದ ಬಂದ ಆರ್ಡರ್ ಪಕ್ಕ ಹಸಿರು ಪೆನ್ನಲ್ಲಿ ಟಿಕ್ ಹಾಕುವುದು ಅವರ ರೂಢಿ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ಫೆಬ್ರವರಿಯಲ್ಲಿ 22 ಟಿಕ್. ಏಪ್ರಿಲ್‌ನಲ್ಲಿ 23.

"ಹಾಗಾದ್ರೆ ಆ ಇನ್ನೂರು ಚಿಲ್ಲರೆ ಜನ ಯಾರಮ್ಮಾ?"

ಮನೆಗೆ ಬಂದು, ವೆಬ್‌ಸೈಟಿಗೆ ಯಾರು ಎಲ್ಲಿಂದ ಬಂದರು ಅಂತ ಲೆಕ್ಕ ಕೊಡುವ ಗೂಗಲ್ ಅನಲಿಟಿಕ್ಸ್ ತೆರೆದೆ. ಹೊಸದೇನೂ ಅಲ್ಲ, ಮೊದಲೂ ಅಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ. ಬಂದವರಲ್ಲಿ ಬಹಳಷ್ಟು ಜನ ಎರಡು ಸೆಕೆಂಡಲ್ಲಿ ವಾಪಸ್. ಬಂದ ಊರುಗಳೋ, ನಾವು ಕೊರಿಯರ್ ಕಳಿಸದ ದೇಶಗಳವು. ಬಾಟ್‌ಗಳು ಬಾಟ್‌ಗಳಿಗೆ ಲಿಂಕ್ ತೋರಿಸುತ್ತಿದ್ದವು. ನಾನು ಅದರ ಕಲರ್ ಪ್ರಿಂಟ್ ತೆಗೆಸುತ್ತಿದ್ದೆ. 2023ರ ಜುಲೈ 1ಕ್ಕೆ ಗೂಗಲ್ ಆ ಹಳೆ ಅನಲಿಟಿಕ್ಸನ್ನೇ ನಿಲ್ಲಿಸಿ ಎಲ್ಲರನ್ನೂ ಅದರ ಹೊಸ ರೂಪ ಜಿಎ4ಗೆ ಕಳಿಸಿತು. ನನ್ನ ಆ ಸಾಧನೆ ಈಗ ಉಳಿದಿರುವುದು ರಾಯರ ಬೀರುವಿನ ಫೈಲಲ್ಲಿ ಮಾತ್ರ.

ನಿಜವಾದ ಪೆಟ್ಟು ಬಿದ್ದದ್ದು 2018ರ ಆಗಸ್ಟ್ 1ಕ್ಕೆ. ಅದರ ಬಗ್ಗೆ ಅಷ್ಟು ಗದ್ದಲ ಆಗಲಿಲ್ಲ. ಅವತ್ತಿನಿಂದ ಹೊರಗಿನ ಆ್ಯಪ್‌ಗಳು ಜನರ ಸ್ವಂತ ಫೇಸ್‌ಬುಕ್ ಖಾತೆಗೆ ಪೋಸ್ಟ್ ಹಾಕುವುದನ್ನು ಫೇಸ್‌ಬುಕ್ ನಿಲ್ಲಿಸಿತು. ಪೇಜ್‌ಗೆ ಹಾಕಬಹುದಿತ್ತು, ಆಗ ಗ್ರೂಪ್‌ಗೂ ಹಾಕಬಹುದಿತ್ತು, ಸ್ವಂತ ಖಾತೆಗೆ ಇಲ್ಲ. ನಾನು ರಾಯರ ಸ್ವಂತ ಖಾತೆಯನ್ನೂ ಟೂಲ್‌ಗೆ ಜೋಡಿಸಿಟ್ಟಿದ್ದೆ. ಅಲ್ಲಿ ಇದ್ದವರು ಅವರ ಕಾಲೇಜು ಸ್ನೇಹಿತರು, ಮೈಸೂರಿನ ಬೀಗರು, ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡಿ ರಿಟೈರ್ ಆದವರು. "ರಾಯ ಹಾಕಿದ್ದಾನೆ, ನೋಡೋಣ" ಅಂತ ಒತ್ತುವ ಜನ. ಓದುತ್ತಿದ್ದರು, ಅರ್ಧ ಕೆಜಿ ತರಿಸುತ್ತಿದ್ದರು. ಹಸಿರು ಟಿಕ್ಕಿನ ಮೂಲ ಅಲ್ಲಿತ್ತು. ಸೆಪ್ಟೆಂಬರ್‌ನಲ್ಲಿ 9 ಟಿಕ್. ಗ್ರಾಫ್ ಮಾತ್ರ ಹೆಚ್ಚು ಅಲುಗಲಿಲ್ಲ.

ಪೇಜ್ ಇತ್ತಲ್ವಾ ಅಂತ ಕೇಳಬಹುದು. ಇತ್ತು. ಆದರೆ ಆ ವರ್ಷ ಜನವರಿಯಲ್ಲೇ ಫೇಸ್‌ಬುಕ್ ಹೇಳಿಬಿಟ್ಟಿತ್ತು, ಇನ್ನು ಮುಂದೆ ನೆಂಟರಿಷ್ಟರ ಪೋಸ್ಟ್ ಮೇಲೆ, ಪೇಜ್‌ಗಳದ್ದು ಕೆಳಗೆ ಅಂತ. ಟೂಲ್ ಹಾಕಬಹುದಾದ ಜಾಗವನ್ನು ಜನ ನೋಡಲ್ಲ. ಜನ ನೋಡುವ ಜಾಗಕ್ಕೆ ಟೂಲ್ ಹಾಕೋಹಾಗಿಲ್ಲ. ಇವತ್ತಿಗೂ ಎಲ್ಲ ಟೂಲ್‌ಗಳ ಕಥೆ ಇಷ್ಟೇ. ಯಾವುದನ್ನೇ ಕೊಳ್ಳುವಾಗಲೂ ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ.

ಈಗ ಮೆಟಾ ಬಿಸಿನೆಸ್ ಸೂಟ್. ಮೆಟಾ ಕಂಪನಿಯದೇ ಆದ್ದರಿಂದ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ ಎರಡಕ್ಕೂ ಪೋಸ್ಟ್, ಸ್ಟೋರಿ, ರೀಲ್ ಎಲ್ಲ ಮೊದಲೇ ಇಟ್ಟುಬಿಡಬಹುದು. ನಾನು ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಕೂತರೆ ಎರಡು ಗಂಟೆಯಲ್ಲಿ ಒಂದು ವಾರದ್ದು ಮುಗಿಯುತ್ತೆ. ಕ್ಯಾಲೆಂಡರ್ ಥರ ಕಾಣುತ್ತೆ, ಹಬ್ಬಗಳನ್ನು ನೋಡಿಕೊಂಡು ಜೋಡಿಸಬಹುದು. ಮೆಸೇಜ್, ಕಾಮೆಂಟ್ ಎಲ್ಲ ಒಂದೇ ಕಡೆ. ಮೆಟಾದ ಹೊರಗೆ ಏನಿದೆ ಅನ್ನುವುದು ಅದಕ್ಕೆ ಬೇಡ, ಅಷ್ಟೇ.

ಟೂಲ್ ಹೇಳಿದ ಮಾತು ಕೇಳುತ್ತೆ. ಕಷ್ಟ ಇರುವುದೇ ಅದರಲ್ಲಿ. 2023ರ ಸೆಪ್ಟೆಂಬರ್ 26, ಮಂಗಳವಾರ. ಕಾವೇರಿ ನೀರಿಗಾಗಿ ಬೆಂಗಳೂರು ಬಂದ್. ನಾನು ಹಿಂದಿನ ವಾರವೇ ಜೋಡಿಸಿಟ್ಟಿದ್ದೆ, ಪೂರ್ತಿ ಮರೆತಿದ್ದೆ. ಬೆಳಿಗ್ಗೆ 9ಕ್ಕೆ ಸರಿಯಾಗಿ ಹೋಯಿತು: "ಈಗಷ್ಟೇ ಹುರಿದ ಬೀಜ, ಬಿಸಿ ಬಿಸಿ ಪುಡಿ. ಇವತ್ತೇ ಬನ್ನಿ!" ಕೆಳಗೆ ಮೊದಲ ಕಾಮೆಂಟು, "ಶಟರ್ ಮುಂದೆ ನಿಂತು ವಾಸನೆ ಕುಡೀಬೇಕಾ?" ಎರಡನೆಯದು ಅಷ್ಟು ಸೌಮ್ಯವಾಗಿರಲಿಲ್ಲ. ಕನ್ನಡಿಗರ ಅಂಗಡಿಯೋ ಅಲ್ಲವೋ ಅನ್ನುವವರೆಗೂ ಹೋಯಿತು. ಹತ್ತು ಗಂಟೆಗೆ ರಾಯರ ಫೋನು. "ಏನಮ್ಮಾ, ನಾನು ಮನೇಲಿ ಅವರೆಕಾಳು ಹಿತುಕ್ತಾ ಕೂತಿದೀನಿ. ನೀನು ಅಂಗಡಿ ತೆಗೆದಿದೀಯಂತೆ?" ಪೋಸ್ಟ್ ತೆಗೆದೆ, ಬಂದ್‌ಗೆ ಬೆಂಬಲ ಅಂತ ಒಂದು ಸಾಲು ಹಾಕಿದೆ. ಅವತ್ತಿನಿಂದ ರಾತ್ರಿ ಮಲಗುವ ಮುಂಚೆ ಮರುದಿನದ ಪೋಸ್ಟ್ ಮೇಲೆ ಒಮ್ಮೆ ಕಣ್ಣು ಹಾಯಿಸುತ್ತೇನೆ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಅದೇ ಕೆಲಸ.

ಬಫರ್‌ಗೆ ಬರೋಣ. ಉಚಿತ ಪ್ಲ್ಯಾನ್‌ನಲ್ಲಿ 3 ಚಾನೆಲ್, ಒಂದೊಂದಕ್ಕೆ 10 ಪೋಸ್ಟ್ ಸರತಿಯಲ್ಲಿ ಇಡಬಹುದು. ಮೂರು ಅಂಗಡಿ, ತಲಾ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅಂದರೇ ಆರು ಚಾನೆಲ್ ಆಯಿತು. ಹಾಗಾಗಿ ನನಗೆ ಉಚಿತ ಸಾಲದು. ದುಡ್ಡಿನ ಪ್ಲ್ಯಾನ್ ಚಾನೆಲ್ ಲೆಕ್ಕದಲ್ಲಿ, ಡಾಲರ್‌ನಲ್ಲಿ. ರೂಪಾಯಿ ಬಿದ್ದಾಗೆಲ್ಲ ನನ್ನ ಖರ್ಚು ಸದ್ದಿಲ್ಲದೆ ಏರುತ್ತೆ.

ಆದರೂ ಯಾಕೆ ಕೊಡುತ್ತೇನೆ ಅಂದರೆ, ಒಂದು, ಅದೇ ಪೋಸ್ಟನ್ನು ಒಂದೊಂದು ಕಡೆಗೆ ಬೇರೆ ಬೇರೆ ಮಾತಲ್ಲಿ ಬದಲಾಯಿಸಲು ಸುಲಭ. ಚಿಕ್ಕಪೇಟೆ ಸೀರೆಗೆ ಫೇಸ್‌ಬುಕ್‌ನಲ್ಲಿ ನೂಲಿನ ಕೌಂಟ್, ಅಂಚಿನ ಅಳತೆ ಎಲ್ಲ ಬೇಕು, ಕೇಳುವವರು ಅಮ್ಮಂದಿರು. ಇನ್‌ಸ್ಟಾಗ್ರಾಂಗೆ ಎರಡು ಸಾಲು ಸಾಕು. ಇನ್ನೊಂದು ದೊಡ್ಡ ಕಾರಣ, ಗೂಗಲ್ ಬಿಸಿನೆಸ್ ಪ್ರೊಫೈಲ್. ಗೂಗಲ್‌ನಲ್ಲಿ ಅಂಗಡಿ ಹುಡುಕಿದಾಗ ಮ್ಯಾಪ್ ಜೊತೆ ಬರುತ್ತಲ್ಲ, ಅದು. ಅಲ್ಲಿಗೂ ಬಫರ್‌ನಿಂದ ಪೋಸ್ಟ್ ಹಾಕಬಹುದು, ಕೆಳಗೆ ವೆಬ್‌ಸೈಟಿನ ಬಟನ್ ಇಡಬಹುದು. ಅದನ್ನು ಒತ್ತುವವನು ಆಗಲೇ ಕಾಫಿಪುಡಿ ಹುಡುಕುತ್ತಿರುವವನು. ಪ್ರತಿ ಲಿಂಕ್‌ಗೂ ನಾನು ಯುಟಿಎಂ ಅನ್ನುವ ಬಾಲ ಕಟ್ಟುತ್ತೇನೆ, ಯಾರು ಎಲ್ಲಿಂದ ಬಂದರು ಅಂತ ಗೊತ್ತಾಗುತ್ತೆ. ಕುಂಡದ ಅಂಗಡಿಗೆ ಇನ್‌ಸ್ಟಾಗ್ರಾಂಗಿಂತ ಆ ಬಟನ್ನಿಂದಲೇ ಜಾಸ್ತಿ ಜನ ಬರುತ್ತಾರೆ. ನನಗೂ ಆಶ್ಚರ್ಯ.

ಇನ್‌ಸ್ಟಾಗ್ರಾಂ ಬಗ್ಗೆ ಒಂದು ಮಾತು. ಪೋಸ್ಟ್ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದರೆ ಅದನ್ನು ಒತ್ತಲು ಬರಲ್ಲ. ಕಡಲೆಕಾಯಿ ಪರಿಷೆ ದಿನ ಅಂಗಡಿಯ ಹುಡುಗ ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ಫೋಟೊ ಹೊಡೆದು ಕಳಿಸಿದ. ಕಡಲೆಕಾಯಿ ರಾಶಿ ಮೇಲೆ ನಮ್ಮ ಕಾಫಿಪುಡಿ ಪೊಟ್ಟಣ. ಟೂಲ್ ಗೀಲ್ ಏನಿಲ್ಲ, ನಿಂತಲ್ಲೇ ಹಾಕಿದೆ. ಲೈಕ್‌ಗಳ ಮಳೆ. ವೆಬ್‌ಸೈಟಿಗೆ ಬಂದವರು ನಾಲ್ಕು ಜನ, ಅದರಲ್ಲಿ ಒಬ್ಬಳು ನಾನೇ. ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಹಾಕಬೇಕಿತ್ತು. 2021ರ ಅಕ್ಟೋಬರ್‌ನಿಂದ ಅದು ಎಲ್ಲರಿಗೂ ಸಿಗುತ್ತೆ. ಮೊದಲು ಸ್ಟೋರಿಯಲ್ಲಿ ಲಿಂಕ್ ಇಡಲು ಸಾಮಾನ್ಯ ಖಾತೆಗೆ 10 ಸಾವಿರ ಫಾಲೋವರ್ ಬೇಕಿತ್ತು. ಸಂಭ್ರಮದಲ್ಲಿ ಮರೆತೆ.

ಟ್ವಿಟರ್, ಅಂದರೆ ಈಗಿನ ಎಕ್ಸ್, ನಾನು ಜೋಡಿಸಿಲ್ಲ. 2023ರಲ್ಲಿ ಅವರು ಹೊರಗಿನ ಟೂಲ್‌ಗಳಿಗೆ ಇದ್ದ ಹಳೆ ಉಚಿತ ದಾರಿ ಮುಚ್ಚಿ ಬೆಲೆ ಕಟ್ಟಿದರು. ಅದೇ ವರ್ಷ, ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ಗೆ ಜೋಡಿಸುವ ಜೆಟ್‌ಪ್ಯಾಕ್ ಅನ್ನುವ ಟೂಲ್ ಕೂಡ ಟ್ವಿಟರ್‌ಗೆ ತಾನಾಗಿ ಹಂಚುವುದನ್ನು ಬಿಟ್ಟಿತು. ನನ್ನ ಮೂರು ಅಂಗಡಿಗೆ ಅಲ್ಲಿಂದ ಬರುವ ಗಿರಾಕಿ ಇಲ್ಲ. ಫೇಸ್‌ಬುಕ್ ಗ್ರೂಪ್‌ಗಳದ್ದು ಮಾತ್ರ ಬೇಜಾರು. 2024ರ ಏಪ್ರಿಲ್‌ನಿಂದ ಬಫರ್ ಆಗಲಿ ಇನ್ನೊಂದಾಗಲಿ, ಹೊರಗಿನ ಟೂಲ್ ಗ್ರೂಪ್‌ಗೆ ಪೋಸ್ಟ್ ಹಾಕೋಹಾಗಿಲ್ಲ. ತಾರಸಿ ತೋಟದ ಗ್ರೂಪ್‌ಗಳಿಂದ ಕುಂಡದವರಿಗೆ ಒಳ್ಳೆ ವ್ಯಾಪಾರ ಇತ್ತು. ಈಗ ಆ ಅಕ್ಕ ತಾನೇ ಕೈಯಲ್ಲಿ ಹಾಕುತ್ತಾರೆ. ಜೊತೆಗೆ ಬೇರೆಯವರ ಟೊಮೆಟೊ ಗಿಡದ ಎಲೆ ಯಾಕೆ ಮುದುಡಿತು ಅಂತ ಉತ್ತರಾನೂ ಕೊಡುತ್ತಾರೆ. ವ್ಯಾಪಾರ ಕಮ್ಮಿಯಾಗಿಲ್ಲ, ಅವರ ಅಡುಗೆ ಲೇಟಾಗುತ್ತೆ.

ಕಳೆದ ತಿಂಗಳು ಡಿವಿಜಿ ರಸ್ತೆಯ ದರ್ಶಿನಿಯಲ್ಲಿ ಒಬ್ಬ ಹುಡುಗ ಸಿಕ್ಕಿದ. "ಮೇಡಂ, ತಿಂಗಳಿಗೆ 10 ಸಾವಿರ ಫಾಲೋವರ್ ಗ್ಯಾರಂಟಿ. ಲೈಕ್, ಫಾಲೋ, ಕಾಮೆಂಟ್ ಎಲ್ಲ ಆಟೊಮ್ಯಾಟಿಕ್" ಅಂದ. ಹೇಗಪ್ಪಾ ಅಂದೆ. "ನಿಮ್ಮ ಐಡಿ, ಪಾಸ್‌ವರ್ಡ್ ಕೊಡಿ ಸಾಕು." ನಾನು ನೋಡುವುದು ಇದೊಂದನ್ನೇ. ಸರಿಯಾದ ಟೂಲ್ ನಿಮ್ಮನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂನ ಪುಟಕ್ಕೇ ಕರೆದುಕೊಂಡು ಹೋಗಿ ಅಲ್ಲಿ ಅನುಮತಿ ಕೇಳುತ್ತೆ. ಪಾಸ್‌ವರ್ಡ್ ಅದರ ಕೈಗೆ ಸಿಗಲ್ಲ. ತನ್ನ ಪುಟದಲ್ಲೇ ಪಾಸ್‌ವರ್ಡ್ ಕೇಳಿದರೆ ಅದು ಕಳ್ಳದಾರಿ. ಇಂಥ ಆ್ಯಪ್‌ಗಳಿಂದ ಬಂದ ಲೈಕ್, ಫಾಲೋ, ಕಾಮೆಂಟ್ ತೆಗೆದುಹಾಕುತ್ತೇವೆ ಅಂತ ಇನ್‌ಸ್ಟಾಗ್ರಾಂ 2018ರ ನವೆಂಬರ್‌ನಲ್ಲೇ ಹೇಳಿದೆ. ವಾಟ್ಸಾಪ್ ಬಲ್ಕ್ ಮೆಸೇಜೂ ಹಾಗೇ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಲಕ್ಷ ನಂಬರಿಗೆ ಕಳಿಸುತ್ತೇವೆ ಅನ್ನುವವರು ಸಿಕ್ಕಿದರೆ ಕಾಫಿ ಕುಡಿದು ಎದ್ದುಬನ್ನಿ. ಆ ಹುಡುಗನ ಕಾಫಿಗೂ ನಾನೇ ಕೊಟ್ಟೆ, ಪಾಪ.

ನನ್ನ ಅಂಕ: ಮೆಟಾ ಬಿಸಿನೆಸ್ ಸೂಟ್‌ಗೆ ಐದಕ್ಕೆ ನಾಲ್ಕು, ಉಚಿತ ಅಂತ ಅರ್ಧ ಸೇರಿಸಿಯೇ. ಬಫರ್‌ಗೆ ಮೂರೂವರೆ, ಡಾಲರ್ ಬಿಲ್‌ಗೆ ಒಂದು ಕಳೆದು.

ಇನ್ನು ರಾಯರ ಸ್ವಂತ ಖಾತೆ. ಅದಕ್ಕೆ ಯಾವ ಟೂಲೂ ಇಲ್ಲವಲ್ಲ. ಅವರ ಮೊಬೈಲಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಏಳೂವರೆಗೆ ಒಂದು ಅಲಾರಂ ಇಟ್ಟುಕೊಟ್ಟಿದ್ದೇನೆ. ಅದು ಹೊಡೆದಾಗ ಪೇಜ್‌ನ ಪೋಸ್ಟ್ ತೆರೆದು, ಶೇರ್ ಒತ್ತಿ, ಮೇಲೆ ತಮ್ಮ ಮಾತಲ್ಲಿ ಒಂದು ಸಾಲು ಬರೆಯಬೇಕು. ಮೊದಲ ಎರಡು ವಾರ ಅಲಾರಂ ಆಫ್ ಮಾಡಿ ಮಲಗಿದರು. ಮೂರನೇ ವಾರ ಬರೆದರು: "ಈ ಸಲದ ಪ್ಲಾಂಟೇಶನ್ ಎ ಚೆನ್ನಾಗಿದೆ. ಸೀನ, ನಿನಗೆ ಚಿಕೋರಿ ಬೇಡ ಅಂತ ಗೊತ್ತು." ಆ ವಾರ ಪುಸ್ತಕದಲ್ಲಿ 11 ಹಸಿರು ಟಿಕ್. ಸೀನ ಅವರದ್ದು ಎರಡು ಕೆಜಿ, ಚಿಕೋರಿ ಇಲ್ಲದೆ.