ಎರಡು ವರ್ಷ ಬಳಸಿದ ಫೋನ್: ರಾತ್ರಿ ನೋಟಿಫಿಕೇಶನ್ ಬರುತ್ತದಾ, ಇಲ್ವಾ?

ಈ ಫೋನ್ ತೆಗೆದುಕೊಂಡು ಎರಡು ವರ್ಷ ಮೂರು ತಿಂಗಳಾಯಿತು. ಕ್ಯಾಮೆರಾ ಚೆನ್ನಾಗಿದೆ. ಬಿಸಿಲಲ್ಲೂ ಸ್ಕ್ರೀನ್ ಕಾಣುತ್ತದೆ. ತೋಟದಲ್ಲಿ ಎರಡು ಸಲ ಬಿದ್ದರೂ ಏನೂ ಆಗಿಲ್ಲ. ನಾನು ಬರೆಯಬೇಕು ಅಂತ ಕೂತಿದ್ದು ಒಂದೇ ವಿಷಯಕ್ಕೆ. ರಾತ್ರಿ ಸ್ಕ್ರೀನ್ ಆಫ್ ಮಾಡಿ ಇಟ್ಟ ಮೇಲೆ ಇದಕ್ಕೆ ನೋಟಿಫಿಕೇಶನ್ ಬರುತ್ತದಾ? ಬಾಕ್ಸ್‌ನಿಂದ ತೆಗೆದ ಹಾಗೇ ಬಳಸಿದರೆ ನಂಬುವಂತಿಲ್ಲ. ಸೆಟ್ಟಿಂಗ್ಸ್ ಸರಿ ಮಾಡಿಕೊಂಡರೆ ಬರುತ್ತದೆ, ಆದರೆ ಅದನ್ನು ಕಂಡುಕೊಳ್ಳಲು ನನಗೆ ಒಂದು ಬೇಸಿಗೆಯೇ ಹಿಡಿಯಿತು.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಬೋರ್ ಇರುವುದು ಮನೆಯಿಂದ ಎರಡು ಕಿಲೋಮೀಟರ್ ದೂರ. ಮೋಟರ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಇದ್ದಾಗ ಹನ್ನೊಂದಕ್ಕೂ ಬರಬಹುದು, ಎರಡಕ್ಕೂ ಬರಬಹುದು. ಅದಕ್ಕೇ ಮೊಬೈಲ್ ಸ್ಟಾರ್ಟರ್ ಹಾಕಿಸಿದೆವು. ಕರೆಂಟ್ ಬಂದ ತಕ್ಷಣ ಆ್ಯಪ್‌ನಲ್ಲಿ ನೋಟಿಫಿಕೇಶನ್ ಬರುತ್ತದೆ, ವೋಲ್ಟೇಜ್ ಎಷ್ಟಿದೆ ನೋಡಿಕೊಂಡು ಮಲಗಿದಲ್ಲಿಂದಲೇ ಮೋಟರ್ ಆನ್ ಮಾಡಬಹುದು. ಕರೆಂಟ್ ಬಂದಾಗ ಮೋಟರ್ ತಾನೇ ಆನ್ ಆಗಲಿ ಅಂತ ಆಟೋ ಹಾಕಿ ಬಿಡಬಹುದಲ್ಲ ಅಂತ ಕೇಳುತ್ತೀರಿ. ಹಾಗೆ ಬಿಟ್ಟು ಎರಡು ಸಲ ಮೋಟರ್ ಸುಟ್ಟು ವೈಂಡಿಂಗ್ ಮಾಡಿಸಿದ್ದೇವೆ, ಇನ್ನು ಅಪ್ಪ ಅದಕ್ಕೆ ಒಪ್ಪುವುದಿಲ್ಲ.

ಕಳೆದ ವರ್ಷ ಮಾರ್ಚ್‌ನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ಕೈಗೆ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಒಂದರ ಹಿಂದೆ ಒಂದು ಸದ್ದು ಶುರುವಾಯಿತು. ರಾತ್ರಿ 1:10ಕ್ಕೆ ಕರೆಂಟ್ ಬಂದ ಸುದ್ದಿ, 3:40ಕ್ಕೆ ಹೋದ ಸುದ್ದಿ, ಮಸ್ಕತ್‌ನಲ್ಲಿರುವ ಅಕ್ಕನ ವಾಟ್ಸಾಪ್ ಮೆಸೇಜುಗಳು, ಎಲ್ಲ ಒಟ್ಟಿಗೆ. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದು "ನೀರು ಬಿಟ್ಯೇನಪ್ಪಾ?" ಅಂದರು. ಹೊಸದಾಗಿ ಇಟ್ಟ ಸಸಿಗಳಿಗೆ ಆಗಲೇ ನಾಲ್ಕು ದಿನದಿಂದ ನೀರಿರಲಿಲ್ಲ. ಅವತ್ತು ನನಗಾದ ಸಂಕಟ ಈಗಲೂ ನೆನಪಿದೆ.

ಮೊದಲು ಸಿಗ್ನಲ್ ಮೇಲೆ ಅನುಮಾನ ಬಂತು. ಸಿಮ್ ಬದಲಾಯಿಸಿದೆ. ಸುಮ್ನೆ ದುಡ್ಡು ಖರ್ಚಾಯಿತು. ಯಾಕೆಂದರೆ ಎಷ್ಟು ಹೊತ್ತಿಗೆ ಕರೆ ಮಾಡಿದರೂ ಫೋನ್ ರಿಂಗ್ ಆಗುತ್ತಿತ್ತು, ಬ್ಯಾಂಕಿನ ಎಸ್ಸೆಮ್ಮೆಸ್ಸೂ ಸರಿಯಾಗಿ ಬರುತ್ತಿತ್ತು. ಅವು ಬರುವ ದಾರಿಯೇ ಬೇರೆ. ಫೋನ್ ಮಲಗಿದ್ದರೂ ಒಳಗಿನ ಮೋಡೆಮ್ ಪೂರ್ತಿ ಮಲಗುವುದಿಲ್ಲ. ಒಂದೆರಡು ಸೆಕೆಂಡಿಗೊಮ್ಮೆ ಎದ್ದು, ಟವರ್ ಕರೆಯುತ್ತಿದೆಯಾ ಅಂತ ನೋಡಿ, ಕರೆದರೆ ಉಳಿದದ್ದನ್ನೆಲ್ಲ ಎಬ್ಬಿಸುತ್ತದೆ. ಆ್ಯಪ್‌ಗಳ ನೋಟಿಫಿಕೇಶನ್ ಹಾಗಲ್ಲ, ಅವು ಇಂಟರ್ನೆಟ್ ಮೇಲೆ ಬರಬೇಕು. ಆಂಡ್ರಾಯ್ಡ್ ಫೋನ್ ಗೂಗಲ್ ಸರ್ವರ್ ಜೊತೆ ಒಂದು ಕನೆಕ್ಷನ್ ಇಟ್ಟುಕೊಂಡಿರುತ್ತದೆ, ಹೆಚ್ಚಿನ ಆ್ಯಪ್‌ಗಳ ಸುದ್ದಿ ಆ ಒಂದೇ ದಾರಿಯಲ್ಲಿ ಬರುತ್ತದೆ. (ನಿಮ್ಮ ಸ್ಟಾರ್ಟರ್‌ನಲ್ಲಿ ಕರೆ ಮಾಡಿ ತಿಳಿಸುವ ಸೌಲಭ್ಯ ಇದ್ದರೆ ಅದನ್ನೇ ಹಾಕಿಕೊಳ್ಳಿ. ನಮ್ಮದರಲ್ಲಿ ಇಲ್ಲ.)

ಸುಳಿವು ಸಿಕ್ಕಿದ್ದು ಚಾರ್ಜರ್‌ನಿಂದ. ಚಾರ್ಜ್‌ಗೆ ಹಾಕಿ ಮಲಗಿದ ರಾತ್ರಿಗಳಲ್ಲಿ ನೋಟಿಫಿಕೇಶನ್ ಸರಿಯಾಗಿ ಬರುತ್ತಿತ್ತು, ಹಾಕದ ರಾತ್ರಿ ಬರುತ್ತಿರಲಿಲ್ಲ. ಇದು ಡೋಜ್ ಅನ್ನುವ ವ್ಯವಸ್ಥೆ. 2015ರಲ್ಲಿ ಆಂಡ್ರಾಯ್ಡ್ 6ರ ಜೊತೆ ಬಂತು. ಚಾರ್ಜರ್ ಇಲ್ಲದೆ, ಸ್ಕ್ರೀನ್ ಆಫ್ ಆಗಿ, ಅಲುಗಾಡದೆ ಒಂದಷ್ಟು ಹೊತ್ತು ಬಿದ್ದಿದ್ದರೆ ಫೋನ್ ಆ್ಯಪ್‌ಗಳಿಗೆ ಇಂಟರ್ನೆಟ್ ನಿಲ್ಲಿಸುತ್ತದೆ. ಆಗಾಗ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚುತ್ತದೆ, ರಾತ್ರಿ ಕಳೆದ ಹಾಗೆ ಆ ಅಂತರ ಜಾಸ್ತಿಯಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಕೈಗೆ ತೆಗೆದುಕೊಂಡಾಗ ಎಲ್ಲ ಒಟ್ಟಿಗೆ ಬಂದಿದ್ದು ಇದಕ್ಕೇ.

ಡೋಜ್ ಒಂದೇ ಆಗಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲ, ಅದರಲ್ಲಿ ತುರ್ತಿನ ಸುದ್ದಿಗೆ ದಾರಿ ಇದೆ. ಆ್ಯಪ್ ಮಾಡಿದವರು ಇದು ತುರ್ತು ಅಂತ ಗುರುತು ಹಾಕಿ ಕಳಿಸಿದರೆ ಡೋಜ್‌ನಲ್ಲಿದ್ದರೂ ಫೋನ್ ಎದ್ದೇಳುತ್ತದೆ. ಆದರೆ ಈ ಫೋನಿನ ಕಂಪನಿ ತನ್ನದೇ ಇನ್ನೊಂದು ಬ್ಯಾಟರಿ ಉಳಿತಾಯ ಸೇರಿಸಿದೆ. ಅದು ರಾತ್ರಿ ಆ್ಯಪ್ ಅನ್ನೇ ಪೂರ್ತಿ ನಿಲ್ಲಿಸಿಬಿಡುತ್ತದೆ, ಫೋರ್ಸ್ ಸ್ಟಾಪ್ ಒತ್ತಿದ ಹಾಗೆ. ಹಾಗೆ ನಿಂತ ಆ್ಯಪ್‌ಗೆ ನಾವೇ ಮತ್ತೆ ತೆರೆಯುವ ತನಕ ತುರ್ತಿನ ಸುದ್ದಿಯೂ ಬರುವುದಿಲ್ಲ. ಇದನ್ನು ಬಾಕ್ಸ್ ಮೇಲೆ ಬರೆದಿಲ್ಲ, ಅಂಗಡಿಯವನೂ ಹೇಳಲಿಲ್ಲ. ಎರಡು ದಿನ ಬ್ಯಾಟರಿ ಬರುತ್ತದೆ ಅಂತ ಮಾತ್ರ ಹೇಳಿದ. ಅದಕ್ಕೆ ನಾವು ತೆರಬೇಕಾದ ಬೆಲೆ ಏನು ಅಂತಲೂ ಹೇಳಬೇಕಿತ್ತು ಅಲ್ವಾ?

ನಾನು ಮಾಡಿಕೊಂಡಿದ್ದು ಇಷ್ಟು. ಸ್ಟಾರ್ಟರ್ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ಬೇಡ ಅನ್ನುವುದನ್ನು ಆರಿಸಿದೆ. ಆಟೋಸ್ಟಾರ್ಟ್ ಅಂತ ಇನ್ನೊಂದು ಪಟ್ಟಿ ಬೇರೆ ಜಾಗದಲ್ಲಿದೆ, ಅಲ್ಲೂ ಆನ್ ಮಾಡಿದೆ. ರೀಸೆಂಟ್ ಆ್ಯಪ್‌ಗಳಲ್ಲಿ ಅದಕ್ಕೆ ಬೀಗ ಹಾಕಿದೆ, ಯಾಕೆಂದರೆ ಈ ಫೋನಿನಲ್ಲಿ ಅಲ್ಲಿಂದ ಸ್ವೈಪ್ ಮಾಡಿದರೂ ಆ್ಯಪ್ ನಿಂತುಹೋಗುತ್ತದೆ. ಎಲ್ಲ ಆ್ಯಪ್‌ಗೂ ಹೀಗೆ ಮಾಡಬೇಡಿ. ನಾನು ಸ್ಟಾರ್ಟರ್, ವಾಟ್ಸಾಪ್, ವಾಚ್, ಮೂರಕ್ಕೆ ಮಾತ್ರ ಮಾಡಿದ್ದೇನೆ. ಮೊದಲು ರಾತ್ರಿಗೆ 4 ಪರ್ಸೆಂಟ್ ಇಳಿಯುತ್ತಿದ್ದ ಚಾರ್ಜ್ ಈಗ 6 ಇಳಿಯುತ್ತದೆ. ಒಂದು ಸಲದ ನೀರಿನ ಮುಂದೆ ಈ 2 ಪರ್ಸೆಂಟ್ ಏನೂ ಅಲ್ಲ.

ವಾಚ್‌ದೂ ಇದೇ ಗೋಳಾಗಿತ್ತು. ಮನೆಯವರಿಗೆಲ್ಲ ಎಚ್ಚರ ಆಗಬಾರದು ಅಂತ ಕೈಗೆ ಕಟ್ಟಿಕೊಳ್ಳುತ್ತೇನೆ, ವೈಬ್ರೇಟ್ ಆದರೆ ಸಾಕು. ಮಧ್ಯರಾತ್ರಿ ಬ್ಲೂಟೂತ್ ಕಟ್ ಆಗುತ್ತಿತ್ತು. ವಾಚ್ ಕೆಟ್ಟಿದೆ ಅಂದುಕೊಂಡಿದ್ದೆ, ಕೆಟ್ಟಿರಲಿಲ್ಲ, ಫೋನ್ ಅದರ ಆ್ಯಪ್ ಅನ್ನು ನಿಲ್ಲಿಸುತ್ತಿತ್ತು.

ವೈಫೈ ವಿಷಯ ಇನ್ನೂ ಪೂರ್ತಿ ಸರಿಯಾಗಿಲ್ಲ. ಮೊಬೈಲ್ ಡೇಟಾದಲ್ಲಿ ತಕ್ಷಣ ಬರುವ ಸುದ್ದಿ ಮನೆಯ ವೈಫೈನಲ್ಲಿ ಒಮ್ಮೊಮ್ಮೆ ಹತ್ತು ಹನ್ನೆರಡು ನಿಮಿಷ ತಡ. ಕೆಲವು ರೌಟರ್‌ಗಳು ಸ್ವಲ್ಪ ಹೊತ್ತು ಮಾತಿಲ್ಲದೆ ಇರುವ ಕನೆಕ್ಷನ್ನನ್ನು ಮರೆತುಬಿಡುತ್ತವೆ, ಫೋನ್‌ಗೆ ಅದು ಗೊತ್ತಾಗುವುದು ತಾನು ಮುಂದಿನ ಸಲ ಮಾತಾಡಿಸಿದಾಗ. ನಮ್ಮ ರೌಟರೂ ಹಾಗೆಯೇ ಮಾಡುತ್ತದೆ ಅಂತ ನನ್ನ ಅಂದಾಜು. ಹಳೆಯ ಫೋನಿನಲ್ಲಿ ನಿದ್ದೆಯಲ್ಲೂ ವೈಫೈ ಆನ್ ಇರಲಿ ಅನ್ನುವ ಆಯ್ಕೆ ಇತ್ತು, ಇದರಲ್ಲಿ ಹುಡುಕಿದರೂ ಸಿಗಲಿಲ್ಲ. ರಾತ್ರಿ ಪಾಳಿಯ ವಾರ ನಾನು ವೈಫೈ ಆಫ್ ಮಾಡಿಯೇ ಮಲಗುತ್ತೇನೆ.

ನಿಮ್ಮ ಫೋನ್ ಪರೀಕ್ಷೆ ಮಾಡಬೇಕಾದರೆ ಚಾರ್ಜರ್ ತೆಗೆದು ಎರಡು ಗಂಟೆ ಗೂಡಿನಲ್ಲಿ ಇಡಿ, ಮುಟ್ಟಬೇಡಿ. ಆಮೇಲೆ ಇನ್ನೊಂದು ಫೋನಿನಿಂದ ಮೆಸೇಜ್ ಕಳಿಸಿ ಕಾಯಿರಿ. ಎತ್ತಿ ನೋಡಬೇಡಿ, ಎತ್ತಿದರೆ ಅದು ಎದ್ದುಬಿಡುತ್ತದೆ. ನಾನು ಐದು ದಿನ ಹೀಗೆ ಪರೀಕ್ಷೆ ಮಾಡಿದ ಮೇಲೆಯೇ ನಂಬಿದ್ದು.

ಈಗಲೂ ಒಂದು ದೂರು ಉಳಿದಿದೆ. ಎರಡು ವರ್ಷದಲ್ಲಿ ಎರಡು ದೊಡ್ಡ ಅಪ್‌ಡೇಟ್ ಬಂದವು, ಎರಡು ಸಲವೂ ನಾನು ಹಾಕಿದ ಸೆಟ್ಟಿಂಗ್ಸ್ ಹೇಳದೆ ಕೇಳದೆ ಮೊದಲಿನಂತಾದವು. ಎರಡನೇ ಸಲ ಮತ್ತೆ ಒಂದು ರಾತ್ರಿಯ ನೀರು ಹೋಯಿತು. ಬಳಸುವವನು ಯೋಚಿಸಿ ಆರಿಸಿದ್ದನ್ನು ಕಂಪನಿ ಹೀಗೆ ಅಳಿಸುವುದು ತಪ್ಪು, ಕಸ್ಟಮರ್ ಕೇರ್‌ಗೆ ಎರಡು ಸಲ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಐದಕ್ಕೆ ಮೂರು ಸ್ಟಾರ್. ಹೋದ ವಾರ ರಾತ್ರಿ 2:05ಕ್ಕೆ ಕೈಯಲ್ಲಿ ವಾಚ್ ಅದುರಿತು, ವೋಲ್ಟೇಜ್ 390 ಇತ್ತು, ಮೋಟರ್ ಹಾಕಿ ಮಲಗಿದೆ.